ಗಣಿಯ ಗಂಟೆಯಿಂದ ಗಣಕದ ಲಾಗ್‌ವರೆಗೆ



ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಬೆಂಗಳೂರಿನ ಕಚೇರಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರೇ ಅದರಲ್ಲಿ ಹೆಚ್ಚು. ಅವರಲ್ಲಿ ಅನೇಕರ ಅಜ್ಜಂದಿರು ಇದೇ ಹೊತ್ತಿಗೆ ಶಾಫ್ಟಿನ ಬಾಯಲ್ಲಿ ಕೇಜಿಗಾಗಿ ಸರದಿ ನಿಲ್ಲುತ್ತಿದ್ದವರು. ಮೊಮ್ಮಕ್ಕಳು ಈಗ ಕಂಪ್ಯೂಟರಿನ ಮುಂದೆ ಕುಳಿತು ಸರ್ವರುಗಳನ್ನು ಕಾಯುತ್ತಾರೆ. ಈ ಎರಡು ಕೆಲಸಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನನ್ನೂ ಆ ಪ್ರಶ್ನೆ ಬಹಳ ದಿನ ಕಾಡಿರಲಿಲ್ಲ. ಒಂದು ಘಟನೆಯ ನಂತರ ಕಾಡತೊಡಗಿತು.

ಕೆಲವು ವರ್ಷಗಳ ಹಿಂದೆ ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಸರ್ವರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಒಂದು ರಾತ್ರಿ ಕೆಲವು ಮುಖ್ಯ ಕಡತಗಳು ಅಳಿಸಿಹೋದವು. ಯಾರು ಅಳಿಸಿದರು, ಯಾವ ಹೊತ್ತಿಗೆ, ಎಲ್ಲಿಂದ ಒಳಗೆ ಬಂದರು ಎಂಬುದನ್ನೆಲ್ಲ ಹೇಳಬೇಕಾದದ್ದು ಲಾಗ್. ಕಂಪ್ಯೂಟರ್ ತನ್ನಲ್ಲಿ ನಡೆಯುವ ಪ್ರತಿಯೊಂದು ಘಟನೆಯನ್ನೂ ಸಾಲುಸಾಲಾಗಿ ಬರೆದಿಡುವ ದಿನಚರಿಗೆ ಲಾಗ್ ಎನ್ನುತ್ತಾರೆ. ತೆಗೆದು ನೋಡಿದರೆ ರಾತ್ರಿ 11ರಿಂದ ಬೆಳಗಿನ ಜಾವ ಮೂರೂವರೆಯವರೆಗೆ ಒಂದು ಸಾಲೂ ಇಲ್ಲ. ಆ ರಾತ್ರಿಯ ಪಾಳಿಯಲ್ಲಿದ್ದವನು ನಮ್ಮ ಕಡೆಯ ಹುಡುಗ, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದವನು. ಕಡತ ಅಳಿಸುವ ಅಧಿಕಾರ, ಲಾಗ್ ಅಳಿಸುವ ಅಧಿಕಾರ ಎರಡೂ ಅವನಿಗಿದ್ದವು. ಅನುಮಾನ ಎತ್ತ ಹೋಯಿತೆಂದು ಹೇಳಬೇಕಾಗಿಲ್ಲ.

ಹದಿನೈದು ದಿನ ಹುಡುಕಿದ ಮೇಲೆ ಕಾರಣ ತಿಳಿಯಿತು. ಲಾಗನ್ನು ಒಂದು ಡೇಟಾಬೇಸಿಗೆ ಸೇರಿಸಲು ಕಚೇರಿಯಲ್ಲೇ ಯಾರೋ ಹಿಂದೆ ಒಂದು ಪುಟ್ಟ ಪ್ಲಗಿನ್ ಬರೆದಿದ್ದರು. ಆ ರಾತ್ರಿ ಡೇಟಾಬೇಸಿನ ಡಿಸ್ಕ್ ತುಂಬಿಹೋಗಿತ್ತು. "ಜಾಗವಿಲ್ಲ, ಬರೆಯಲಾಗಲಿಲ್ಲ" ಎಂದು ಡೇಟಾಬೇಸ್ ಹೇಳಿತು. ಪ್ಲಗಿನ್ ಅದನ್ನು ಕೇಳಿಸಿಕೊಳ್ಳದೆ ಮುಖ್ಯ ತಂತ್ರಾಂಶಕ್ಕೆ "ಸರಿ, ಆಯಿತು" ಎಂದು ಉತ್ತರಿಸುತ್ತಾ ಹೋಯಿತು. ಮುಖ್ಯ ತಂತ್ರಾಂಶ ಆ ಮಾತನ್ನು ನಂಬಿ ತನ್ನ ಬಳಿಯಿದ್ದ ಪ್ರತಿಯನ್ನು ಎಸೆಯುತ್ತಾ ಹೋಯಿತು. ಹೀಗೆ ನಾಲ್ಕೂವರೆ ಗಂಟೆಗಳು ಇಲ್ಲವಾದವು. ಲಾಗನ್ನು ಅವನು ಅಳಿಸಿಲ್ಲ ಎಂಬುದಂತೂ ಸಿದ್ಧವಾಯಿತು. ಆದರೆ ಕಡತಗಳ ವಿಷಯ? ಅಪರಾಧಿ ಎಂದು ಯಾರೂ ಹೇಳಲಿಲ್ಲ, ನಿರಪರಾಧಿ ಎಂದು ಹೇಳಲು ಯಾರ ಬಳಿಯೂ ಆಧಾರವಿರಲಿಲ್ಲ. ಮೂರು ತಿಂಗಳಲ್ಲಿ ಹುಡುಗ ಕೆಲಸ ಬಿಟ್ಟ.

"ಆಯಿತು" ಎಂಬ ಒಂದು ಮಾತಿನ ಬೆಲೆ ಇದು. ಈ ಮಾತನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ಹೇಳಬಹುದು ಎಂಬುದೇ ಇಂದಿನ ಲಾಗ್ ತಂತ್ರಾಂಶಗಳ ವಿನ್ಯಾಸದಲ್ಲಿ ಅತ್ಯಂತ ಕಠಿಣವಾದ ಪ್ರಶ್ನೆ. ಅದರ ಚರಿತ್ರೆಯನ್ನು ಕ್ಯಾಲಿಫೋರ್ನಿಯಾದಿಂದ ಆರಂಭಿಸುವುದು ವಾಡಿಕೆ. ನಾನು ಚಾಂಪಿಯನ್ ರೀಫ್‌ನಿಂದಲೂ ಬಂಗಾರಪೇಟೆಯ ಸ್ಟೇಷನ್ನಿನಿಂದಲೂ ಆರಂಭಿಸುತ್ತೇನೆ.

ಗಂಟೆಗೆ ಮರುಗಂಟೆ

ಲವೇಲ್ ಎಂಬ ಐರಿಷ್ ಸೈನಿಕ ಮೈಸೂರು ಸರ್ಕಾರಕ್ಕೆ ಗಣಿಗಾರಿಕೆಯ ಅನುಮತಿ ಕೇಳಿ ಬರೆದದ್ದು 1873ರಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ನಿಜವಾಗಿ ಬೆಳೆಯಿತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದರು. 1956ರಲ್ಲಿ ರಾಜ್ಯ ಸರ್ಕಾರದ ವಶ, 1962ರಲ್ಲಿ ಕೇಂದ್ರದ ವಶ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, 2001ರ ಫೆಬ್ರವರಿ 28ರಂದು ಬೀಗ. ಇದೆಲ್ಲ ನಿಮಗೆ ಗೊತ್ತಿರುವ ಕಥೆ, ಇಲ್ಲಿಗೆ ಸಾಕು.

ನಮಗೆ ಬೇಕಾದದ್ದು ಶಾಫ್ಟಿನ ಗಂಟೆ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಕೇಜನ್ನು ಎಳೆಯುವ ವೈಂಡಿಂಗ್ ಎಂಜಿನ್ ಡ್ರೈವರ್ ಕೂರುವುದು ಮೇಲೆ, ತನ್ನ ಮನೆಯೊಳಗೆ. ಕೆಳಗಿನವರು ಅವನಿಗೆ ಕಾಣುವುದಿಲ್ಲ, ಅವರ ಕೂಗು ಕೇಳುವುದಿಲ್ಲ. ಅವರ ನಡುವೆ ಇರುವುದು ಗಂಟೆಯ ಸಂಕೇತ ಮಾತ್ರ. ಚಲಿಸುತ್ತಿರುವ ಕೇಜಿಗೆ ಒಂದು ಗಂಟೆ ಎಂದರೆ ನಿಲ್ಲಿಸು. ಮನುಷ್ಯರು ಹತ್ತುತ್ತಾರೆ ಎನ್ನಲು ಬೇರೆಯೇ ಸಂಕೇತ. ಗಂಟೆ ಹೊಡೆದ ಮಾತ್ರಕ್ಕೆ ಯಾರೂ ಕೇಜಿಗೆ ಕಾಲಿಡುವಂತಿಲ್ಲ. ಮೇಲಿನಿಂದ ಅದೇ ಸಂಕೇತ ಮರಳಿ ಬರಬೇಕು. ಮರುಗಂಟೆ ಬಂದರೆ ಕೇಳಿಸಿದೆ, ಅರ್ಥವಾಗಿದೆ ಎಂದು. ಬರದಿದ್ದರೆ ಕೆಳಗಿನವನು "ಹೊಡೆದಿದ್ದೇನಲ್ಲ" ಎಂದು ಹತ್ತಿಬಿಡುವ ಹಾಗಿಲ್ಲ.

ಬಂಗಾರಪೇಟೆಯಲ್ಲಿಯೂ ಇದೇ ನಿಯಮ, ಬೇರೆ ವೇಷದಲ್ಲಿ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಸ್ಟೇಷನ್ನಿಗೆ 1894ರಲ್ಲಿ ಗಣಿಯ ಕವಲು ದಾರಿ ಸೇರಿತು, 1913ರಲ್ಲಿ ಕೋಲಾರದ ಚಿಕ್ಕ ರೈಲಿನ ದಾರಿ ಸೇರಿತು. ಒಂದೇ ಹಳಿಯ ದಾರಿಯಲ್ಲಿ ಎದುರುಬದುರು ರೈಲು ಬಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಆದ್ದರಿಂದ ಸ್ಟೇಷನ್ ಮಾಸ್ಟರ್ ಮುಂದಿನ ಸ್ಟೇಷನ್ನನ್ನು "ಲೈನ್ ಕ್ಲಿಯರ್" ಕೇಳಬೇಕು. ಅಲ್ಲಿಂದ ಒಪ್ಪಿಗೆ ಬರಬೇಕು. ಕೇಳಿದ ಸಮಯ, ಒಪ್ಪಿದ ಸಮಯ, ರೈಲು ಬಿಟ್ಟ ಸಮಯ, ಮುಟ್ಟಿದ ಸಮಯ ಎಲ್ಲವನ್ನೂ ಎರಡೂ ಸ್ಟೇಷನ್ನಿನವರು ತಮ್ಮ ತಮ್ಮ ಟ್ರೇನ್ ರಿಜಿಸ್ಟರಿನಲ್ಲಿ ಬರೆಯಬೇಕು. ಟೋಕನ್ ಯಂತ್ರವಿದ್ದ ದಾರಿಗಳಲ್ಲಿ ಒಂದು ಲೋಹದ ಗುಂಡು ಡ್ರೈವರಿನ ಕೈಗೆ ಬರಬೇಕು. ಆ ಗುಂಡು ಮುಂದಿನ ಸ್ಟೇಷನ್ನಿನ ಯಂತ್ರಕ್ಕೆ ಸೇರುವವರೆಗೆ ಇನ್ನೊಂದು ಗುಂಡು ಹೊರಬರುವುದಿಲ್ಲ. ಯಂತ್ರ ಕೆಟ್ಟರೆ, ತಂತಿ ಹರಿದರೆ, ಉತ್ತರ ಬರದಿದ್ದರೆ ದಾರಿ ಮುಚ್ಚಿದೆ ಎಂದೇ ಅರ್ಥ. ಮೌನವನ್ನು ಒಪ್ಪಿಗೆ ಎಂದು ತಿಳಿಯುವ ಅಧಿಕಾರ ಯಾರಿಗೂ ಇಲ್ಲ.

ದಾಖಲೆ ಎಂದರೆ ಎಲ್ಲವೂ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. 1930ರಲ್ಲಿ ಗಣಿಯ ಆಡಳಿತ ಕಾರ್ಮಿಕರ ಬೆರಳಚ್ಚು ದಾಖಲಿಸಲು ಹೊರಟಾಗ ಕಾರ್ಮಿಕರು ಮುಷ್ಕರ ಹೂಡಿದರು. ಕಳ್ಳರ ಬೆರಳಚ್ಚು ತೆಗೆಯುವ ಹಾಗೆ ನಮ್ಮದನ್ನೂ ಏಕೆ ತೆಗೆಯುತ್ತೀರಿ ಎಂಬ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಇನ್ನೊಂದು ಮುಖವೂ ಇದೆ. 1940ರಿಂದ 46ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲುಧೂಳಿನ ಶ್ವಾಸಕೋಶದ ಕಾಯಿಲೆ ಇದ್ದದ್ದು ಕಂಡಿತು. ಅಂಥ ಒಬ್ಬ ಮನುಷ್ಯ ಪರಿಹಾರ ಕೇಳಬೇಕಾದರೆ ತಾನು ಎಷ್ಟು ವರ್ಷ ನೆಲದಡಿಯಲ್ಲಿ ದುಡಿದೆ ಎಂದು ತೋರಿಸಬೇಕು. ಆಗ ಅವನ ಕೆಮ್ಮಿಗಿಂತ ರಿಜಿಸ್ಟರಿನ ಸಾಲಿಗೇ ಬೆಲೆ ಹೆಚ್ಚು. ಅನುಮಾನಿಸಲು ಇಟ್ಟ ದಾಖಲೆಯೇ ಹಕ್ಕು ಕೇಳಲೂ ಬೇಕಾಗುತ್ತದೆ.

ಎರಡು ತಿಂಗಳ ಸೊನ್ನೆ

ಈಗ ನಮ್ಮೂರು ಜಗತ್ತಿನ ವಿಜ್ಞಾನದ ಚರಿತ್ರೆಯಲ್ಲಿ ಸೇರಿದ ಪ್ರಸಂಗಕ್ಕೆ ಬರೋಣ. ಇದನ್ನು ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಕೆಜಿಎಫ್‌ನಲ್ಲಿ ಹುಟ್ಟಿದವರಲ್ಲಿಯೇ ಅನೇಕರಿಗೆ ಇದು ತಿಳಿದಿಲ್ಲ.

1951ರಲ್ಲಿ ಹೋಮಿ ಭಾಭಾ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಯುವ ವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರನ್ನು ಈ ಗಣಿಗಳಿಗೆ ಕಳುಹಿಸಿದರು. ಆಕಾಶದಿಂದ ಬರುವ ಮ್ಯೂಯಾನ್ ಎಂಬ ಕಣಗಳು ಕಲ್ಲಿನೊಳಗೆ ಎಷ್ಟು ಆಳದವರೆಗೆ ಇಳಿಯುತ್ತವೆ ಎಂದು ಎಣಿಸುವುದು ಕೆಲಸ. ಆಳಕ್ಕೆ ಹೋದಷ್ಟೂ ಎಣಿಕೆ ಕಡಿಮೆಯಾಗುತ್ತಾ ಬಂತು. 1960ರ ದಶಕದ ಆರಂಭದಲ್ಲಿ ಗಣಿಯ ಅತ್ಯಂತ ಆಳದ ಒಂದು ಜಾಗದಲ್ಲಿ ಉಪಕರಣವನ್ನು ಸುಮಾರು ಎರಡು ತಿಂಗಳು ಇಟ್ಟರು. ಎಣಿಕೆ ಸೊನ್ನೆ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ಎರಡು ತಿಂಗಳು ಸೊನ್ನೆ ಬಂತು ಎಂದರೆ ಎರಡು ಅರ್ಥ ಸಾಧ್ಯ. ಕಣಗಳು ಬರಲಿಲ್ಲ ಎಂಬುದೊಂದು. ಉಪಕರಣ ಸತ್ತುಹೋಗಿತ್ತು ಎಂಬುದು ಇನ್ನೊಂದು. ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಉಪಕರಣ ಆ ಇಡೀ ಅವಧಿಯಲ್ಲಿ ಜೀವಂತವಾಗಿತ್ತು ಎಂದು ಬೇರೆ ದಾರಿಯಿಂದ ತೋರಿಸಿದರೆ ಮಾತ್ರ ಆ ಸೊನ್ನೆಗೆ ಬೆಲೆ. ಅವರ ಸೊನ್ನೆಗೆ ಬೆಲೆ ಬಂತು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೋ ಎಂಬ, ಭೂಮಿಯನ್ನೇ ತೂರಿ ಹೋಗುವ ಕಣದ ಗುರುತನ್ನು ಹಿಡಿಯಬಹುದು ಎಂಬ ಧೈರ್ಯ ಆ ಸೊನ್ನೆಯಿಂದಲೇ ಬಂದದ್ದು.

ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ ಬಳಿ, ಸುಮಾರು 2,300 ಮೀಟರ್ ಆಳದಲ್ಲಿ ಹೊಸ ಉಪಕರಣ ಕೂತಿತು. ಟಾಟಾ ಸಂಸ್ಥೆಯ ಜೊತೆಗೆ ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳು ಸೇರಿದ್ದವು. ಎಂ. ಜಿ. ಕೆ. ಮೆನನ್, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರು ಮುಂದಾಳುಗಳು. ಉಪಕರಣದ ಎರಡು ಬದಿಯಲ್ಲೂ ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳು, ನಡುವೆ ಸೀಸದ ಗೋಡೆಗಳು ಮತ್ತು ನಿಯಾನ್ ಕೊಳವೆಗಳ ಸಾಲು. ಒಂದು ಬದಿಯ ಹಲಗೆ ಮಿನುಗಿದರೆ ಸಾಲದು. ಎರಡೂ ಬದಿ ಒಟ್ಟಿಗೆ ಸಾಕ್ಷಿ ಹೇಳಿದರೆ ಮಾತ್ರ ಕೊಳವೆಗಳಿಗೆ ವಿದ್ಯುತ್ ಹೋಗಿ, ಕ್ಯಾಮೆರಾ ಚಿತ್ರ ತೆಗೆಯುತ್ತಿತ್ತು.

ಆ ಚಿತ್ರಗಳ ಆಧಾರದ ಮೇಲೆ ಬರೆದ ಪ್ರಬಂಧ 1965ರ ಜುಲೈ 12ರಂದು ಪತ್ರಿಕೆಯ ಕಚೇರಿ ಸೇರಿ, ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡ ಇದೇ ಪ್ರಯತ್ನದಲ್ಲಿತ್ತು. ಅವರ ಪ್ರಬಂಧ ಜುಲೈ 26ರಂದು ಸೇರಿ ಆಗಸ್ಟ್ 30ರಂದು ಪ್ರಕಟವಾಯಿತು. ಆದರೆ ಅವರ ಉಪಕರಣದಲ್ಲಿ ಮೊದಲ ಘಟನೆ ದಾಖಲಾದದ್ದು ಅದೇ ವರ್ಷದ ಫೆಬ್ರವರಿ 23ರಂದು, ನಮ್ಮದಕ್ಕಿಂತ ಮುಂಚೆ. ಆದ್ದರಿಂದ ವಾತಾವರಣದ ನ್ಯೂಟ್ರಿನೋವನ್ನು ಮೊದಲು ಕಂಡವರು ಅವರು, ಮೊದಲು ಪ್ರಕಟಿಸಿದವರು ಕೆಜಿಎಫ್‌ನವರು ಎಂದು ಇತಿಹಾಸ ಇಬ್ಬರಿಗೂ ಗೌರವ ಹಂಚುತ್ತದೆ. ಇಷ್ಟು ನಿಖರವಾಗಿ ಹಂಚಲು ಸಾಧ್ಯವಾದದ್ದು ಪ್ರತಿಯೊಂದು ಘಟನೆಯ ಪಕ್ಕದಲ್ಲೂ ಇಸವಿ, ತಿಂಗಳು, ದಿನ ಬರೆದಿದ್ದುದರಿಂದ.

ಗಣಿಯೊಳಗೆ ಇನ್ನೊಂದು ಬಗೆಯ ದಾಖಲೆಯೂ ನಡೆಯುತ್ತಿತ್ತು. ಬಂಡೆ ಸಿಡಿತ ಇಲ್ಲಿನ ಹಳೆಯ ಶಾಪ. ಆಳದ ಒತ್ತಡಕ್ಕೆ ಕಲ್ಲು ತಾನಾಗಿಯೇ ಸಿಡಿದು ಜೀವ ತೆಗೆಯುತ್ತಿತ್ತು, ಮೇಲೆ ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಪಾತ್ರೆಗಳು ಅದುರುತ್ತಿದ್ದವು. 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ನೆಲದ ಮೇಲೂ ಕೆಳಗೂ ಜಿಯೋಫೋನುಗಳ ಜಾಲ ಹಾಕಿದರು. ಒಂದೇ ಸಿಡಿತದ ಕಂಪನ ಬೇರೆ ಬೇರೆ ಜಿಯೋಫೋನಿಗೆ ಸೆಕೆಂಡಿನ ಸಣ್ಣ ಭಾಗಗಳಷ್ಟು ಹಿಂದೆಮುಂದೆ ತಲುಪುತ್ತದೆ. ಆ ವ್ಯತ್ಯಾಸದಿಂದ ಸಿಡಿತದ ಜಾಗವನ್ನು ಲೆಕ್ಕ ಹಾಕಬಹುದು. ಆದರೆ ಎಲ್ಲಕ್ಕೂ ಒಂದೇ ಗಡಿಯಾರ ಇರಬೇಕು. ಒಂದರ ಗಡಿಯಾರ ತಪ್ಪಿದರೂ ಲೆಕ್ಕ ಬೇರೆ ಸುರಂಗವನ್ನು ತೋರಿಸುತ್ತದೆ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲಿಯೇ ಹುಟ್ಟಿಕೊಂಡದ್ದು ಇಂಥ ಕೆಲಸದ ಮುಂದುವರಿಕೆ.

ಉತ್ತರ ಕೇಳದ ಲಾಗ್

ಮರುಗಂಟೆ, ಜೀವಂತವಿರುವ ಗುರುತು, ಸರಿಯಾದ ಗಡಿಯಾರ. ಗಣಿ ಮತ್ತು ರೈಲಿನವರಿಗೆ ತಿಳಿದಿದ್ದ ಈ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಪ್ಯೂಟರಿನ ಕಡೆ ಬನ್ನಿ. ಅಲ್ಲಿನವರು ಆರಂಭದಲ್ಲಿ ಮೂರರಲ್ಲಿ ಎರಡನ್ನು ಬಿಟ್ಟಿದ್ದರು.

1980ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್‌ಮನ್ ಎಂಬವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ ಬರೆಯುತ್ತಿದ್ದರು. ಅದರ ಆಗುಹೋಗುಗಳನ್ನು ಬರೆದಿಡಲು ಸಿಸ್‌ಲಾಗ್ ಎಂಬ ಸಣ್ಣ ವ್ಯವಸ್ಥೆ ಮಾಡಿಕೊಂಡರು. ಅದು ಎಷ್ಟು ಅನುಕೂಲವಾಯಿತೆಂದರೆ ಯೂನಿಕ್ಸ್ ಜಗತ್ತೆಲ್ಲ ಅದನ್ನೇ ಹಿಡಿಯಿತು. ಸಂದೇಶ ಎಷ್ಟು ಗಂಭೀರ ಎಂದು ಹೇಳಲು 0ಯಿಂದ 7ರವರೆಗೆ ಎಂಟು ದರ್ಜೆಗಳು. ಸೊನ್ನೆ ಎಂದರೆ ವ್ಯವಸ್ಥೆಯೇ ಕುಸಿದಿದೆ, ಏಳು ಎಂದರೆ ಪರೀಕ್ಷೆಯ ಹರಟೆ. ಒಂದು ಯಂತ್ರದ ಲಾಗ್ ಇನ್ನೊಂದಕ್ಕೆ ಹೋಗುವುದು ಯುಡಿಪಿ ಎಂಬ ದಾರಿಯಲ್ಲಿ. ಯುಡಿಪಿಯ ಸ್ವಭಾವ ಅಂಚೆ ಡಬ್ಬಿಗೆ ಕಾರ್ಡ್ ಹಾಕಿದಂತೆ. ಹಾಕಿದವನು ಹಿಂದಿರುಗಿ ನೋಡುವುದಿಲ್ಲ, ಮುಟ್ಟಿತೆಂದು ಯಾರೂ ತಿಳಿಸುವುದಿಲ್ಲ. ಮರುಗಂಟೆ ಇಲ್ಲದ ಶಾಫ್ಟ್ ಎನ್ನಿ.

ಗಡಿಯಾರದ ವಿಷಯ ಇನ್ನೂ ವಿಚಿತ್ರ. ಹಳೆಯ ಸಿಸ್‌ಲಾಗ್ ಸಾಲಿನಲ್ಲಿ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಎಲ್ಲ ಇರುತ್ತಿತ್ತು, ಇಸವಿ ಇರುತ್ತಿರಲಿಲ್ಲ! ಯಾವ ದೇಶದ ಸಮಯ ಎಂಬುದೂ ಇರಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇಸವಿಯಿಲ್ಲದ ಶಾಸನ ಸಿಕ್ಕಿದ ಹಾಗೆ. 2001ರ ಆಗಸ್ಟ್‌ನಲ್ಲಿ ಈ ಹಳೆಯ ರೂಢಿಯನ್ನು ಆರ್‌ಎಫ್‌ಸಿ 3164 ಎಂಬ ದಾಖಲೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿಟ್ಟರು. ಇಸವಿಯೂ ಸಮಯ ವಲಯವೂ ಇರುವ ಹೊಸ ರೂಪ 2009ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 5424 ಆಗಿ ಬಂತು. ಒಂದು ಸಂಗತಿಯನ್ನು ಮಾತ್ರ ಹಳಬರು ಮೊದಲೇ ಸರಿಯಾಗಿ ಮಾಡಿದ್ದರು. ಏನೂ ನಡೆಯದಿದ್ದರೂ ಹಳೆಯ ಸಿಸ್‌ಲಾಗ್ ತಂತ್ರಾಂಶ 20 ನಿಮಿಷಕ್ಕೊಮ್ಮೆ "ಮಾರ್ಕ್" ಎಂಬ ಒಂದು ಸಾಲು ಬರೆಯುತ್ತಿತ್ತು. ನಾನಿನ್ನೂ ಬದುಕಿದ್ದೇನೆ ಎಂದಷ್ಟೇ ಅದರ ಅರ್ಥ. ಎರಡು ತಿಂಗಳ ಸೊನ್ನೆಯ ಕಥೆ ಕೇಳಿದವರಿಗೆ ಆ ಸಾಲಿನ ಬೆಲೆ ಬೇರೆ ಹೇಳಬೇಕಿಲ್ಲ. ಅನೇಕ ಕಚೇರಿಗಳಲ್ಲಿ ಅದನ್ನು ಕಸ ಎಂದು ನಿಲ್ಲಿಸಿಬಿಡುತ್ತಾರೆ. ಇದು ತಪ್ಪು ಎಂದು ನನ್ನ ಅಭಿಪ್ರಾಯ.

1998ರಲ್ಲಿ ಹಂಗೇರಿಯ ಬಲಾಜ್ ಶೈಡ್ಲರ್ ಸಿಸ್‌ಲಾಗ್-ಎನ್‌ಜಿ ಎಂಬ ಹೊಸ ತಂತ್ರಾಂಶ ಆರಂಭಿಸಿದರು. 2004ರಲ್ಲಿ ಜರ್ಮನಿಯ ರೈನರ್ ಗೆರ್‌ಹಾರ್ಡ್ಸ್ ಆರ್‌ಸಿಸ್‌ಲಾಗ್ ಆರಂಭಿಸಿದರು. ಆರ್‌ಎಫ್‌ಸಿ 5424 ಬರೆದವರೂ ಇವರೇ. ಫೆಡೋರಾ 2007ರಲ್ಲಿ, ಡೆಬಿಯನ್ 2009ರಲ್ಲಿ ಆರ್‌ಸಿಸ್‌ಲಾಗನ್ನು ತಮ್ಮ ಮುಖ್ಯ ಲಾಗ್ ತಂತ್ರಾಂಶವಾಗಿ ಸ್ವೀಕರಿಸಿದವು. (ಡೆಬಿಯನ್ 2023ರ ಆವೃತ್ತಿಯಿಂದ ಅದನ್ನು ತಾನಾಗಿ ಅಳವಡಿಸುವುದನ್ನು ಬಿಟ್ಟಿದೆ, ಬೇಕಾದವರು ಹಾಕಿಕೊಳ್ಳಬೇಕು.)

ಅವರ ಮುಂದಿದ್ದ ಸಮಸ್ಯೆ ಇದು. ಲಾಗನ್ನು ಒಬ್ಬರು ಕಡತಕ್ಕೆ ಬರೆಯಬೇಕೆನ್ನುತ್ತಾರೆ, ಒಬ್ಬರು ಡೇಟಾಬೇಸಿಗೆ, ಇನ್ನೊಬ್ಬರು ಮೇಲ್ ಆಗಿ. ಪ್ರತಿಯೊಬ್ಬರಿಗಾಗಿ ಮುಖ್ಯ ತಂತ್ರಾಂಶವನ್ನು ತಿದ್ದುತ್ತಾ ಹೋದರೆ ಒಂದು ದಿನ ಅದು ಯಾರಿಗೂ ಅರ್ಥವಾಗದ ಗೋಜಲಾಗುತ್ತದೆ. ಆದ್ದರಿಂದ ತಿರುಳು ಬೇರೆ, ಪ್ಲಗಿನ್ ಬೇರೆ ಎಂದು ಮಾಡಿದರು. ತಿರುಳಿನ ಕೆಲಸ ಸಂದೇಶ ಪಡೆಯುವುದು, ಸರದಿಯಲ್ಲಿಡುವುದು, ಸರಿಯಾದ ಪ್ಲಗಿನ್ನಿಗೆ ಕೊಡುವುದು. ಎಲ್ಲಿಗೆ, ಹೇಗೆ ಬರೆಯುವುದೆಂಬುದು ಪ್ಲಗಿನ್ನಿನ ಕೆಲಸ. ಎರಡರ ನಡುವಿನ ಮಾತುಕತೆಯ ನಿಯಮಗಳಿಗೆ ಇಂಟರ್‌ಫೇಸ್ ಎಂದು ಹೆಸರು. ಪ್ಲಗಿನ್ ಬರೆಯುವವನು ಎಲ್ಲಿಯವನೋ, ಎಷ್ಟು ಎಚ್ಚರದವನೋ ತಿರುಳಿಗೆ ಗೊತ್ತಿಲ್ಲ. ನಂಬಿಕೆಯೆಲ್ಲ ಆ ನಿಯಮಗಳ ಮೇಲೆ ನಿಂತಿದೆ.

"ಆಯಿತು" ಎಂದರೆ ಏನು?

ಆ ನಿಯಮಗಳಲ್ಲಿ ಮೊದಲನೆಯದು, ಪ್ಲಗಿನ್ ಕೊಡಬಹುದಾದ ಉತ್ತರಗಳು. "ಆಯಿತು" ಮತ್ತು "ಆಗಲಿಲ್ಲ" ಎರಡೇ ಸಾಕೆಂದು ತೋರುತ್ತದೆ, ಸಾಲದು. ಡಿಸ್ಕ್ ತುಂಬಿದೆ, ಸ್ವಲ್ಪ ಹೊತ್ತು ಬಿಟ್ಟು ಕೇಳಿ ಎನ್ನುವುದು ಬೇರೆ. ನಾನು ಪೂರ್ತಿ ಕೆಟ್ಟಿದ್ದೇನೆ, ನನ್ನನ್ನು ಬಿಟ್ಟುಬಿಡಿ ಎನ್ನುವುದು ಬೇರೆ. ಆರ್‌ಸಿಸ್‌ಲಾಗ್ ಇವನ್ನು ಬೇರೆ ಬೇರೆ ಉತ್ತರಗಳಾಗಿಸಿತು. "ಸ್ವಲ್ಪ ಹೊತ್ತು ಬಿಟ್ಟು" ಎಂಬ ಉತ್ತರ ಬಂದರೆ ತಿರುಳು ಸಂದೇಶವನ್ನು ಎಸೆಯುವುದಿಲ್ಲ. ಸರದಿಯಲ್ಲೇ ಇಟ್ಟುಕೊಂಡು ಆಗಾಗ "ಈಗ ಸಿದ್ಧವೇ?" ಎಂದು ಕೇಳುತ್ತದೆ. ಸರದಿ ಬೆಳೆದು ನೆನಪಿನಲ್ಲಿ ಜಾಗ ಸಾಲದಿದ್ದರೆ, ಹಾಗೆ ಹೊಂದಿಸಿದ್ದಲ್ಲಿ, ಡಿಸ್ಕಿಗೆ ಇಳಿಸುತ್ತದೆ. 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಈ ಸರದಿಗಳು ಗಟ್ಟಿಯಾದವು. ಯಂತ್ರದಿಂದ ಯಂತ್ರಕ್ಕೆ ಹೋಗುವಾಗ ಮರುಗಂಟೆ ಬೇಕೆಂದು ಆರ್‌ಇಎಲ್‌ಪಿ ಎಂಬ ಹೊಸ ದಾರಿಯನ್ನೂ ಅದೇ ವರ್ಷ ತಂದರು.

ಎರಡನೆಯ ತೊಡಕು ವೇಗದಿಂದ ಹುಟ್ಟಿದ್ದು. ಒಂದೊಂದೇ ಸಾಲನ್ನು ಡೇಟಾಬೇಸಿಗೆ ಬರೆದು, ಖಚಿತಪಡಿಸಿ, ಉತ್ತರ ಕೊಡುತ್ತಾ ಹೋದರೆ ತಡ. ನೂರಾರು ಸಾಲುಗಳನ್ನು ಒಂದು ಗುಂಪಾಗಿ ಬರೆದರೆ ಬೇಗ. ಆದರೆ ಗುಂಪಿನ ನಡುವೆ ಇರುವ ಸಾಲಿಗೆ ಪ್ಲಗಿನ್ ಏನೆಂದು ಉತ್ತರಿಸಬೇಕು? "ಆಯಿತು" ಎಂದರೆ ಸುಳ್ಳು, ಇನ್ನೂ ಖಚಿತವಾಗಿಲ್ಲ. "ಆಗಲಿಲ್ಲ" ಎಂದರೂ ಸುಳ್ಳು. 2009ರ ಸುಮಾರಿಗೆ ಇದಕ್ಕೆ ಪರಿಹಾರ ಬಂತು. ತಿರುಳು "ಗುಂಪು ಆರಂಭ" ಎನ್ನುತ್ತದೆ, ಸಾಲುಗಳನ್ನು ಕೊಡುತ್ತದೆ, "ಗುಂಪು ಮುಗಿಯಿತು" ಎನ್ನುತ್ತದೆ. ನಡುವಿನ ಸಾಲುಗಳಿಗೆ ಪ್ಲಗಿನ್ "ಕೈಗೆ ತೆಗೆದುಕೊಂಡಿದ್ದೇನೆ, ಇನ್ನೂ ಖಚಿತವಲ್ಲ" ಎಂಬ ಮೂರನೆಯ ಉತ್ತರ ಕೊಡಬಹುದು. "ಇದರ ಹಿಂದಿನವೆಲ್ಲ ಖಚಿತ, ಇದೊಂದು ಮಾತ್ರ ಬಾಕಿ" ಎಂಬ ನಾಲ್ಕನೆಯ ಉತ್ತರವೂ ಉಂಟು. ಕೊನೆಯ ಖಚಿತ ಉತ್ತರ ಬರುವವರೆಗೆ ತಿರುಳು ತನ್ನ ಪ್ರತಿಯನ್ನು ಬಿಡುವುದಿಲ್ಲ. ಟೋಕನ್ ಗುಂಡು ಮುಂದಿನ ಸ್ಟೇಷನ್ನಿನ ಯಂತ್ರ ಸೇರುವವರೆಗೆ ದಾರಿ ತೆರೆಯದ ಹಾಗೆ.

ಇಷ್ಟಾದರೂ ಒಂದು ಬಿರುಕು ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಪ್ಲಗಿನ್ ನಿಜವಾಗಿ ಬರೆದು, "ಆಯಿತು" ಎಂದು ಹೇಳುವ ಮೊದಲೇ ಸತ್ತರೆ? ತಿರುಳಿಗೆ ಉತ್ತರ ಬರಲಿಲ್ಲ, ಅದು ಮತ್ತೆ ಕಳುಹಿಸುತ್ತದೆ, ಒಂದೇ ಸಾಲು ಎರಡು ಸಲ ಬರೆಯಲ್ಪಡುತ್ತದೆ. ಕಳೆದುಹೋಗುವುದೋ, ಎರಡು ಸಲ ಬರುವುದೋ, ಯಾವುದನ್ನಾದರೂ ಒಂದನ್ನು ಒಪ್ಪಿಕೊಳ್ಳಲೇಬೇಕು. ಲಾಗ್ ಎಂಬುದು ಸಾಕ್ಷಿಯಾದ್ದರಿಂದ ಎರಡು ಸಲ ಬರುವುದೇ ಮೇಲು. ಒಬ್ಬ ಸಾಕ್ಷಿ ಅದೇ ಮಾತನ್ನು ಎರಡು ಸಲ ಹೇಳಿದರೆ ಒಂದನ್ನು ಬಿಡಬಹುದು, ಹೇಳದೆ ಹೋದದ್ದನ್ನು ಎಲ್ಲಿಂದ ತರುವುದು?

ಇನ್ನೊಂದು ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಸರದಿಗಳೆಲ್ಲ ತುಂಬಿಹೋದರೆ ಏನು ಮಾಡಬೇಕು? ಹೊಸ ಸಂದೇಶ ಬೇಡ ಎಂದು ತಿರುಳು ತಡೆದು ನಿಂತರೆ, ಲಾಗ್ ಬರೆಯಲು ಕಾಯುವ ಬೇರೆ ತಂತ್ರಾಂಶಗಳೂ ನಿಲ್ಲುತ್ತವೆ. ಕೆಲವೊಮ್ಮೆ ಯಂತ್ರದೊಳಗೆ ಲಾಗಿನ್ ಆಗಲೂ ಬಿಡುವುದಿಲ್ಲ. ಎಸೆದರೆ ಸಾಕ್ಷಿ ಹೋಗುತ್ತದೆ. ಗಣಿಯಲ್ಲಿ ಅನುಮಾನ ಬಂದರೆ ಕೇಜ್ ನಿಲ್ಲಿಸುವುದು ಸರಿ, ನಿಂತ ಕೇಜಿನಿಂದ ಯಾರೂ ಸಾಯುವುದಿಲ್ಲ. ಆಸ್ಪತ್ರೆಯ ಸರ್ವರಿನಲ್ಲಿ ಲಾಗಿಗಾಗಿ ಎಲ್ಲವನ್ನೂ ನಿಲ್ಲಿಸುವುದು ಸರಿಯೇ? ಅಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಒಂದೂ ಸಾಲು ಬಿಡುವಂತಿಲ್ಲ. ಆದ್ದರಿಂದ ಈ ತೀರ್ಮಾನವನ್ನು ಪ್ಲಗಿನ್ ಬರೆಯುವವನಿಗೆ ಬಿಡದೆ, ಯಂತ್ರದ ಹೊಣೆ ಹೊತ್ತವನಿಗೆ ಬಿಡುವುದೇ ಒಳ್ಳೆಯ ವಿನ್ಯಾಸ. ಪ್ರತಿಯೊಂದು ಪ್ಲಗಿನ್ನಿಗೂ ಅದರದೇ ಸರದಿ ಕೊಟ್ಟರೆ, ಒಂದು ಕೆಟ್ಟರೆ ಉಳಿದವು ನಡೆಯುತ್ತವೆ.

ಪ್ಲಗಿನ್ ತಿರುಳಿನ ಒಳಗೇ ಕುಳಿತಿದ್ದರೆ ಅದರ ಒಂದು ತಪ್ಪು ಎಲ್ಲವನ್ನೂ ಬೀಳಿಸಬಹುದು. ಹೊರಗೆ ಬೇರೆ ತಂತ್ರಾಂಶವಾಗಿ ಇದ್ದರೆ ಅದೊಂದೇ ಬೀಳುತ್ತದೆ, ಆದರೆ ಸ್ವಲ್ಪ ನಿಧಾನ. ಆರ್‌ಸಿಸ್‌ಲಾಗ್‌ನಲ್ಲಿ ಹೊರಗಿನ ತಂತ್ರಾಂಶಕ್ಕೆ ಸಾಲುಗಳನ್ನು ಕೊಡುವ ಸೌಕರ್ಯ ಮುಂಚೆಯೇ ಇತ್ತು, ಉತ್ತರ ಪಡೆಯುವ ಸೌಕರ್ಯ ಇರಲಿಲ್ಲ. 2017ರಲ್ಲಿ ಅದನ್ನೂ ಸೇರಿಸಿದರು. ಹೊಂದಿಸಿಕೊಂಡರೆ, ಪ್ರತಿಯೊಂದು ಸಾಲಿಗೂ ಹೊರಗಿನ ತಂತ್ರಾಂಶ "ಓಕೆ" ಎಂದು ಬರೆದು ತಿಳಿಸಬೇಕು, ಇಲ್ಲದಿದ್ದರೆ ತಿರುಳು ಮುಂದೆ ಹೋಗುವುದಿಲ್ಲ.

ಆದರೂ ನನ್ನ ಕಚೇರಿಯ ಆ ಪ್ಲಗಿನ್ "ಆಯಿತು" ಎಂದು ಸುಳ್ಳು ಹೇಳಿತ್ತಲ್ಲ! ಯಾವ ಇಂಟರ್‌ಫೇಸೂ ಅದನ್ನು ತಡೆಯಲಾರದು. ನಿಯಮ ಉತ್ತರವನ್ನು ಕೇಳಬಹುದು, ಸತ್ಯವನ್ನು ಬಲವಂತ ಮಾಡಲಾರದು. ಇಲ್ಲಿ ನನಗೆ ಮದರಸದಲ್ಲಿ ಕೇಳಿದ ಪಾಠ ನೆನಪಾಗುತ್ತದೆ. ಹದೀಸ್ ವಿದ್ವಾಂಸರು ಒಂದು ವರದಿಯನ್ನು ಸಹೀಹ್ ಎಂದು ಒಪ್ಪಬೇಕಾದರೆ ಮೊದಲು ನೋಡುತ್ತಿದ್ದುದು ಅದರ ಇಸ್ನಾದನ್ನು, ಅಂದರೆ ಯಾರಿಂದ ಯಾರಿಗೆ ಬಂತೆಂಬ ಸರಪಳಿಯನ್ನು. ಕೊಂಡಿಗಳು ಎಲ್ಲಿಯೂ ಕಳಚಿರಬಾರದು, ಪ್ರತಿಯೊಬ್ಬ ರಾವಿಯೂ ಸತ್ಯವಂತನಾಗಿರಬೇಕು, ಕೇಳಿದ್ದನ್ನು ಕೇಳಿದ ಹಾಗೆ ಕಾಪಾಡುವ ಶಕ್ತಿ ಅವನಿಗಿರಬೇಕು. ಇದರಲ್ಲಿ ತದ್‌ಲೀಸ್ ಎಂಬ ದೋಷವೊಂದಿದೆ. ನೇರವಾಗಿ ಕೇಳದಿದ್ದರೂ ಕೇಳಿದಂತೆ ತೋರುವ ಮಾತಿನಲ್ಲಿ ವರದಿ ಮಾಡಿ ನಡುವಿನ ಕೊಂಡಿಯನ್ನು ಮರೆಮಾಚುವುದು. ಅಂಥವನ ವರದಿಯನ್ನು ಅವನು "ನಾನೇ ಕೇಳಿದೆ" ಎಂದು ಸ್ಪಷ್ಟವಾಗಿ ಹೇಳದ ಹೊರತು ವಿದ್ವಾಂಸರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಪವಿತ್ರವಾದ ವಿದ್ಯೆಯೊಂದನ್ನು ಯಂತ್ರದ ಜೊತೆ ಸರಿದೂಗಿಸುವುದು ನನ್ನ ಉದ್ದೇಶವಲ್ಲ, ಅರ್ಥವಾಗಲಿ ಎಂದು ಹೇಳಿ ನೋಡಿದೆ, ಅಷ್ಟೇ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇಡಿ ಎಂದು ವಿವರವಾಗಿ ಆದೇಶಿಸುವ ಸೂರಃ ಅಲ್ ಬಕರದ 282ನೆಯ ವಚನವೇ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ ಎಂಬುದನ್ನು ನಮ್ಮ ಲೆಕ್ಕಪತ್ರದ ವಿದ್ಯಾರ್ಥಿಗಳು ಬಲ್ಲರು.

ಹಾಗಾದರೆ ಸುಳ್ಳು "ಆಯಿತು" ಅನ್ನು ಹಿಡಿಯುವುದು ಹೇಗೆ? ಪರೀಕ್ಷೆಯಿಂದ. ಕಾಲೇಜಿನ ಲ್ಯಾಬಿನಲ್ಲಿ ಲಿನಕ್ಸ್ ಇರುವ ಒಂದು ಹಳೆಯ ಕಂಪ್ಯೂಟರ್ ಸಾಕು. ಆರ್‌ಸಿಸ್‌ಲಾಗ್ ಹಾಕಿ. ಪೈಥಾನ್‌ನಲ್ಲಿ ಇಪ್ಪತ್ತು ಮೂವತ್ತು ಸಾಲಿನ ಒಂದು ಪುಟ್ಟ ಪ್ಲಗಿನ್ ಬರೆಯಿರಿ. ಬಂದ ಸಾಲನ್ನು ಕಡತಕ್ಕೆ ಬರೆದು, ಅದು ಡಿಸ್ಕ್ ಸೇರಿದ ಮೇಲೆ ಮಾತ್ರ "ಓಕೆ" ಎನ್ನಬೇಕು. ಒಂದರಿಂದ ಸಾವಿರದವರೆಗೆ ಸಂಖ್ಯೆ ಹಾಕಿದ ಸಾವಿರ ಸಂದೇಶಗಳನ್ನು ಕಳುಹಿಸಿ. ನಡುವೆ ಪ್ಲಗಿನ್ನನ್ನು ಕೊಲ್ಲಿ. ಇನ್ನೊಮ್ಮೆ ಮಾಡುವಾಗ ಚಿಕ್ಕ ಡಿಸ್ಕ್ ವಿಭಾಗವೊಂದನ್ನು ಬೇಕೆಂದೇ ತುಂಬಿಸಿ, ಸ್ವಲ್ಪ ಹೊತ್ತಿನ ನಂತರ ಜಾಗ ಬಿಡಿಸಿ. ಆಮೇಲೆ ಕಡತ ತೆರೆದು ಸಂಖ್ಯೆಗಳನ್ನು ಎಣಿಸಿ. 1,003 ಸಾಲು ಬಂದಿದ್ದರೆ ಗಾಬರಿಯಾಗಬೇಡಿ, ಯಾವ ಮೂರು ಎರಡು ಸಲ ಬಂದಿವೆ ನೋಡಿ. 997 ಬಂದಿದ್ದರೆ ನಿಮ್ಮ ಪ್ಲಗಿನ್ ಎಲ್ಲಿ "ಓಕೆ" ಎಂದಿತು ಎಂಬ ಸಾಲಿಗೆ ಹಿಂದಿರುಗಿ ಹೋಗಿ.